ಹಳೆಯ ಟ್ರಕ್‌ಗೆ ಬ್ರೇಕ್ ಬೂಸ್ಟರ್: ಫೈರ್‌ವಾಲ್‌ಗೆ ಕೂರಿಸುವುದೋ, ನೆಲದಡಿಗೋ?

"ಎಷ್ಟು ಇಂಚಿನ ಬೂಸ್ಟರ್ ತಗೊಳ್ಳಲಿ?" ಹಳೆಯ ಪಿಕಪ್ ಟ್ರಕ್ ಕೆಲಸಕ್ಕೆ ಇಳಿದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದೇ (ಬೂಸ್ಟರ್ ಅಂದರೆ ಕಾಲಿನ ಒತ್ತನ್ನು ಹೆಚ್ಚಿಸಿ ಬ್ರೇಕ್‌ಗೆ ಕೊಡುವ ಡಬ್ಬ). ಅದಕ್ಕೆ ಉತ್ತರ ಹೇಳುವ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಬ್ರೇಕ್ ಪೆಡಲ್ ಡ್ಯಾಶ್‌ಬೋರ್ಡ್ ಕೆಳಗೆ ಜೋತುಬಿದ್ದಿದೆಯಾ, ಇಲ್ಲಾ ನೆಲದಲ್ಲಿ ತೂತು ಮಾಡಿಕೊಂಡು ಮೇಲೆ ಬಂದಿದೆಯಾ?

ಬೂಸ್ಟರ್ ಮತ್ತು ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತನ್ನು ಬ್ರೇಕ್ ಆಯಿಲ್‌ನ ಒತ್ತಡವಾಗಿ ಬದಲಿಸುವ ಭಾಗ) ಎಲ್ಲಿ ಕೂರಬೇಕು ಅನ್ನುವುದನ್ನು ಬಹುಪಾಲು ತೀರ್ಮಾನಿಸುವುದು ಆ ಪೆಡಲ್. 1947ರಿಂದ 1955ರ ಆರಂಭದವರೆಗಿನ ಶೆವ್ರೊಲೆ ಪಿಕಪ್‌ಗಳಲ್ಲಿ ಪೆಡಲ್ ನೆಲದಿಂದ ಏಳುತ್ತದೆ. ಮಾಸ್ಟರ್ ಸಿಲಿಂಡರ್ ಕ್ಯಾಬಿನ್ ಕೆಳಗೆ, ಫ್ರೇಮ್ ಪಕ್ಕದಲ್ಲಿ ಇರುತ್ತದೆ. ಬ್ರೇಕ್ ಆಯಿಲ್ ನೋಡಬೇಕಾದರೆ ಮ್ಯಾಟ್ ಎತ್ತಿ, ನೆಲದ ಚಿಕ್ಕ ಮುಚ್ಚಳ ತೆಗೆಯಬೇಕು. 1953ರಿಂದ 1956ರವರೆಗಿನ ಫೋರ್ಡ್ ಎಫ್-100 ಕೂಡ ಇದೇ ಜಾತಿ. 1957ರ ಫೋರ್ಡ್‌ಗಳಲ್ಲಿ ಪೆಡಲ್ ಮೇಲಿಂದ ಜೋತುಬಿತ್ತು. 1960ರ ದಶಕದ ಶೆವ್ರೊಲೆ ಸಿ10 ಹೊತ್ತಿಗೆ ಮಾಸ್ಟರ್ ಸಿಲಿಂಡರ್ ಬಾನೆಟ್ ಒಳಗೆ ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಮೇಲೆ ಆರಾಮಾಗಿ ಕೂತಿತ್ತು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಪೆಡಲ್ ತಿರುಗುವ ಪಿನ್ ಮತ್ತು ಮಾಸ್ಟರ್ ಸಿಲಿಂಡರ್ ಎರಡೂ ಒಂದೇ ಕಡೆ ಕೂತಿರಬೇಕು. ಎರಡೂ ಫ್ರೇಮ್ ಮೇಲೆ, ಇಲ್ಲವೇ ಎರಡೂ ಕ್ಯಾಬಿನ್ ಮೇಲೆ. ಕ್ಯಾಬಿನ್ ರಬ್ಬರ್ ಬುಶ್‌ಗಳ ಮೇಲೆ ನಿಂತಿದೆ. ಹಳ್ಳ ದಿಣ್ಣೆಯಲ್ಲಿ ಫ್ರೇಮ್ ಒಂದು ಕಡೆ ತಿರುಚಿದರೆ ಕ್ಯಾಬಿನ್ ಇನ್ನೊಂದು ಕಡೆ ವಾಲುತ್ತದೆ. ಪೆಡಲ್ ಕ್ಯಾಬಿನ್‌ನಲ್ಲಿ, ಮಾಸ್ಟರ್ ಫ್ರೇಮ್‌ನಲ್ಲಿ ಇದ್ದರೆ ಆ ಅಲುಗಾಟವೆಲ್ಲ ಪೆಡಲ್‌ನಿಂದ ಮಾಸ್ಟರ್ ಕಡೆಗೆ ಒತ್ತುವ ಪುಶ್‌ರಾಡ್ ಮೇಲೆ ಬೀಳುತ್ತದೆ. ಒಮ್ಮೆ ಪೆಡಲ್ ಮೇಲೆ ಸಿಗುತ್ತದೆ, ಇನ್ನೊಮ್ಮೆ ಕೆಳಗೆ. ಇಂಥ ಬೆರಕೆ ಜೋಡಣೆಯನ್ನು ಯಾರಾದರೂ ಸಲಹೆ ಮಾಡಿದರೆ ದಯವಿಟ್ಟು ಬೇಡ ಅನ್ನಿ.

ನೆಲದಡಿಯ ಜೋಡಣೆ

ಪೆಡಲ್ ನೆಲದಿಂದ ಬಂದಿದ್ದರೆ ಮೊದಲ ಆಯ್ಕೆ ಇದೇ. ಫ್ರೇಮ್‌ಗೆ ಒಂದು ಬ್ರಾಕೆಟ್, ಅದರಲ್ಲೇ ಪೆಡಲ್ ಪಿನ್, ಅದರ ಹಿಂದೆ ಬೂಸ್ಟರ್, ಬೂಸ್ಟರ್ ಹಿಂದೆ ಮಾಸ್ಟರ್ ಸಿಲಿಂಡರ್. ಎಲ್ಲವೂ ಒಂದೇ ಗಟ್ಟಿ ಉಕ್ಕಿನ ಮೇಲೆ. ಫೈರ್‌ವಾಲ್ ಖಾಲಿ ಉಳಿಯುತ್ತದೆ, ಟ್ರಕ್ ನೋಡಲು ಮೊದಲಿನಂತೆಯೇ ಇರುತ್ತದೆ, ಕ್ಯಾಬಿನ್‌ನಲ್ಲಿ ಹೊಸ ತೂತು ಕೊರೆಯುವ ಅಗತ್ಯವಿಲ್ಲ. ಹಳೆಯ ರೂಪ ಉಳಿಸಬೇಕು ಅನ್ನುವವರಿಗೆ ಇದು ದೊಡ್ಡ ಸಮಾಧಾನ.

ತೊಂದರೆಗಳೂ ಇವೆ. ಜಾಗ ಕಡಿಮೆ. ಫ್ರೇಮ್, ಗೇರ್‌ಬಾಕ್ಸ್, ಕ್ಯಾಬಿನ್ ನೆಲ ಇವುಗಳ ನಡುವೆ ಸಾಮಾನ್ಯವಾಗಿ 7 ಇಂಚಿನ ಬೂಸ್ಟರ್ ಹಿಡಿಸುತ್ತದೆ, ಹೆಚ್ಚೆಂದರೆ 8. ಅದಕ್ಕೇ ಇಲ್ಲಿ ಒಳಗೆ ಎರಡು ಡಯಾಫ್ರಾಮ್ (ಗಾಳಿಯ ಒತ್ತಡಕ್ಕೆ ಸರಿಯುವ ರಬ್ಬರ್ ಪರದೆ) ಇರುವ ಬೂಸ್ಟರ್ ಹುಡುಕಬೇಕು. ಒಂದೇ ಡಯಾಫ್ರಾಮ್‌ನ 7 ಇಂಚು ಡಿಸ್ಕ್ ಬ್ರೇಕ್‌ಗೆ ಸಾಲದೆ ಹೋಗಬಹುದು.

ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಹಾದು ಹೋಗಿದ್ದರೆ ಬಿಸಿ ತಾಗುತ್ತದೆ. ಬ್ರೇಕ್ ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ, ಆದ್ದರಿಂದ ನಡುವೆ ಒಂದು ತಗಡಿನ ಮರೆ ಬೇಕೇ ಬೇಕು. ಪೈಪನ್ನೇ ಆಚೆಗೆ ಸರಿಸುವುದಾದರೆ ಇನ್ನೂ ಒಳ್ಳೆಯದು. ಕೆಸರು, ನೀರು ಕೂಡ ಅಲ್ಲಿಗೇ ಹಾರುತ್ತವೆ. ಆಯಿಲ್ ಮಟ್ಟ ನೋಡುವುದು ಕಷ್ಟವಾದ್ದರಿಂದ ಜನ ನೋಡುವುದನ್ನೇ ಬಿಟ್ಟುಬಿಡುತ್ತಾರೆ, ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಕೊಡುವ ವಿಷಯ. ಬಾನೆಟ್ ಒಳಗೆ ಒಂದು ಚಿಕ್ಕ ಡಬ್ಬಿ ಇಟ್ಟು, ಅಲ್ಲಿಂದ ಕೆಳಗಿನ ಮಾಸ್ಟರ್‌ಗೆ ಟ್ಯೂಬ್ ಎಳೆದರೆ ಆ ಕಷ್ಟ ತಪ್ಪುತ್ತದೆ. ಟ್ಯೂಬ್ ಮಾತ್ರ ಬ್ರೇಕ್ ಆಯಿಲ್‌ಗೆಂದೇ ಮಾಡಿದ್ದಾಗಿರಲಿ. ಪೆಟ್ರೋಲ್ ಟ್ಯೂಬ್ ಹಾಕಿದರೆ ಒಳಗಿಂದ ಊದಿ ಹಾಳಾಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ನೆಲದಡಿಯ ಮಾಸ್ಟರ್ ಚಕ್ರದ ಕ್ಯಾಲಿಪರ್‌ಗಿಂತ (ಡಿಸ್ಕ್ ಬ್ರೇಕ್‌ನಲ್ಲಿ ಪ್ಯಾಡ್ ಒತ್ತುವ ಭಾಗ) ಕೆಳಗಿರಬಹುದು. ಆಗ ಗಾಡಿ ನಿಂತಾಗ ಆಯಿಲ್ ನಿಧಾನವಾಗಿ ಹಿಂದಕ್ಕೆ ಇಳಿಯುತ್ತದೆ. ಬೆಳಿಗ್ಗೆ ಮೊದಲ ಸಲ ಒತ್ತಿದಾಗ ಪೆಡಲ್ ಆಳಕ್ಕೆ ಹೋಗುತ್ತದೆ, ಎರಡನೇ ಸಲ ಸರಿ ಇರುತ್ತದೆ. ಇದನ್ನು ತಡೆಯಲು ಲೈನ್‌ನಲ್ಲಿ ಒತ್ತಡ ಉಳಿಸುವ ಚಿಕ್ಕ ವಾಲ್ವ್ ಹಾಕುತ್ತಾರೆ. ಡಿಸ್ಕ್‌ಗೆ 2 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ), ಡ್ರಮ್‌ಗೆ 10 ಪಿಎಸ್‌ಐ. ಅದಲುಬದಲು ಮಾಡಬೇಡಿ. ಡಿಸ್ಕ್ ಲೈನ್‌ನಲ್ಲಿ 10 ಪಿಎಸ್‌ಐ ವಾಲ್ವ್ ಕೂತರೆ ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ. ಹಳೆಯ ಡ್ರಮ್ ಮಾಸ್ಟರ್ ಸಿಲಿಂಡರ್ ಒಳಗೇ ಇಂಥ ವಾಲ್ವ್ ಇರಬಹುದು. ಹೊಸದನ್ನು ಹಾಕುವ ಮೊದಲು ಅದನ್ನು ನೋಡಿಕೊಳ್ಳಿ.

ಫೈರ್‌ವಾಲ್ ಜೋಡಣೆ

ಜೋತುಬಿದ್ದ ಪೆಡಲ್ ಇದ್ದರೆ ಇದು ಸಹಜ ಜಾಗ. ದೊಡ್ಡ ಬೂಸ್ಟರ್ ಹಿಡಿಸುತ್ತದೆ, ಆಯಿಲ್ ಕಣ್ಣೆದುರೇ ಇರುತ್ತದೆ, ಸ್ಪ್ಯಾನರ್ ಹಿಡಿದು ನೆಲದ ಮೇಲೆ ಮಲಗುವ ಕೆಲಸವಿಲ್ಲ. ನೆಲದ ಪೆಡಲ್ ಇರುವ ಟ್ರಕ್‌ಗೂ ಜೋತುಬೀಳುವ ಪೆಡಲ್ ಸೆಟ್ ಹಾಕಿ ಈ ದಾರಿಗೆ ಬರಬಹುದು. ಆದರೆ ಆಗ ಕ್ಲಚ್ ಪೆಡಲ್, ನೆಲದ ತೂತು, ಸ್ಟೀರಿಂಗ್ ಕಾಲಮ್ ಎಲ್ಲವನ್ನೂ ಮತ್ತೆ ಯೋಚಿಸಬೇಕು. ಕೆಲಸ ಮೂರು ಪಟ್ಟು ಆಗುತ್ತದೆ ಅಂತ ಇಟ್ಟುಕೊಳ್ಳಿ.

ಫೈರ್‌ವಾಲ್‌ನ ನಿಜವಾದ ಸಮಸ್ಯೆ ಅದು ಬರೀ ತಗಡು ಅನ್ನುವುದು. ಗೆಳೆಯನೊಬ್ಬನ 1966ರ ಸಿ10ಗೆ ಬೂಸ್ಟರ್ ಹಾಕಿ ಮುಗಿಸಿದ್ದೆವು. ಪೆಡಲ್ ಮೆತ್ತಗೆ. ಏರ್ ಇದೆ ಅಂದುಕೊಂಡು ಮೂರು ಸಲ ಏರ್ ತೆಗೆದೆವು. ಗುಳ್ಳೆ ಒಂದೂ ಬರಲಿಲ್ಲ, ಪೆಡಲ್ ಮಾತ್ರ ಹಾಗೇ ಇತ್ತು. ಕೊನೆಗೆ ಬಾನೆಟ್ ಎತ್ತಿ ಟಾರ್ಚ್ ಹಿಡಿದು ನಿಂತೆ, ಅವನಿಗೆ ಪೆಡಲ್ ಒತ್ತಲು ಹೇಳಿದೆ. ಒತ್ತಿದಾಗಲೆಲ್ಲ ಮಾಸ್ಟರ್ ಸಿಲಿಂಡರ್‌ನ ಮೂತಿ ಮುಂದಕ್ಕೆ ಬಾಗಿ ನಮಸ್ಕಾರ ಮಾಡುತ್ತಿತ್ತು. ಬೂಸ್ಟರ್ ಸುತ್ತಲಿನ ತಗಡು ಡಬ್ಬದ ಮುಚ್ಚಳದಂತೆ ಒಳಗೆ ಹೊರಗೆ ಆಡುತ್ತಿತ್ತು.

ಲೆಕ್ಕ ಹಾಕಿ ನೋಡಿ. ಮಾಸ್ಟರ್ 5 ಮಿ.ಮೀ. ಅಲುಗಿತು ಅಂದುಕೊಳ್ಳೋಣ. ಪೆಡಲ್ ಅನುಪಾತ 6:1 ಇದ್ದರೆ, ಅಂದರೆ ಪೆಡಲ್ 6 ಮಿ.ಮೀ. ಇಳಿದಾಗ ರಾಡ್ 1 ಮಿ.ಮೀ. ಸರಿಯುವಂತಿದ್ದರೆ, ಕಾಲಿನಡಿ 30 ಮಿ.ಮೀ. ಸುಮ್ನೆ ಹೋಯಿತು. ಒಳ್ಳೆಯ ಬ್ರೇಕ್ ಕೂಡ ಕೆಟ್ಟಿದೆ ಅನಿಸಲು ಅಷ್ಟು ಸಾಕು, ಅಲ್ವಾ? ಪರಿಹಾರ ಸುಲಭವೇ ಇತ್ತು. ಒಳಗಡೆಯಿಂದ ದಪ್ಪ ಉಕ್ಕಿನ ಪ್ಲೇಟ್ ಕೊಟ್ಟು, ಬೂಸ್ಟರ್ ಬೋಲ್ಟ್‌ಗಳು ಆ ಪ್ಲೇಟನ್ನೂ ಪೆಡಲ್ ಬ್ರಾಕೆಟನ್ನೂ ಒಟ್ಟಿಗೆ ಹಿಡಿಯುವಂತೆ ಮಾಡಿದೆವು. ಪೆಡಲ್ ಬ್ರಾಕೆಟ್ ಮೇಲ್ಭಾಗವನ್ನು ಡ್ಯಾಶ್‌ಗೂ ಬಿಗಿದೆವು. ಅಂದು ಸಂಜೆಯೇ ಪೆಡಲ್ ಕಲ್ಲಿನಂತೆ ನಿಂತಿತು.

ಜಾಗದ ಪ್ರಶ್ನೆ ಇಲ್ಲಿಯೂ ಬರುತ್ತದೆ. ದೊಡ್ಡ ವಿ8 ಎಂಜಿನ್ ಇದ್ದರೆ ವಾಲ್ವ್ ಕವರ್ ಬೂಸ್ಟರ್‌ಗೆ ಮುಟ್ಟಬಹುದು. ಬಾನೆಟ್ ಕೀಲು, ಕ್ಲಚ್ ಲಿಂಕ್ ಎಲ್ಲವೂ ಅದೇ ಮೂಲೆಯಲ್ಲಿ ಗುಂಪು ಕಟ್ಟಿಕೊಂಡಿರುತ್ತವೆ. ಆರ್ಡರ್ ಮಾಡುವ ಮೊದಲು ರಟ್ಟಿನಲ್ಲಿ 9 ಇಂಚಿನ ಚಕ್ರ ಕತ್ತರಿಸಿ, ಬೂಸ್ಟರ್ ಇರುವ ದೂರಕ್ಕೆ ಹಿಡಿದು ಬಾನೆಟ್ ಮುಚ್ಚಿ ನೋಡಿ. ಹತ್ತು ನಿಮಿಷದ ಕೆಲಸ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಅಲುಗುತ್ತದೆ ಅನ್ನುವುದು ನೆನಪಿರಲಿ. ನಿಂತ ಗಾಡಿಯಲ್ಲಿ ಒಂದು ಬೆರಳು ಜಾಗ ಕಂಡರೆ, ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಅಷ್ಟೇ ಇರುವುದಿಲ್ಲ.

ಫೈರ್‌ವಾಲ್‌ನ ಮಾಸ್ಟರ್ ಕ್ಯಾಬಿನ್ ಜೊತೆ ಅಲುಗುತ್ತದೆ, ಆದರೆ ಬ್ರೇಕ್ ಪೈಪ್‌ಗಳು ಫ್ರೇಮ್ ಮೇಲಿವೆ. ಆದ್ದರಿಂದ ಎರಡರ ನಡುವೆ ಪೈಪನ್ನು ಸುರುಳಿ ಸುತ್ತಿ ಬಿಡಬೇಕು, ಇಲ್ಲವೇ ಬಾಗುವ ಹೋಸ್ ಹಾಕಬೇಕು. ನೇರವಾಗಿ ಬಿಗಿದ ಉಕ್ಕಿನ ಪೈಪ್ ಒಂದಲ್ಲ ಒಂದು ದಿನ ನಟ್ ಬುಡದಲ್ಲಿ ಬಿರುಕು ಬಿಡುತ್ತದೆ.

ಫ್ರೇಮ್ ಮೇಲೆ ದೂರದ ಬೂಸ್ಟರ್

ಹಳೆಯ ಭಾರದ ಟ್ರಕ್‌ಗಳಲ್ಲಿ ಬೆಂಡಿಕ್ಸ್ ಕಂಪನಿಯ ಹೈಡ್ರೋವ್ಯಾಕ್ ಅನ್ನುವ ಬೂಸ್ಟರ್ ಇರುತ್ತಿತ್ತು. ಇದಕ್ಕೂ ಪೆಡಲ್‌ಗೂ ಸಂಬಂಧವೇ ಇಲ್ಲ. ಮಾಸ್ಟರ್‌ನಿಂದ ಬಂದ ಆಯಿಲ್ ಇದರೊಳಗೆ ಹೋಗಿ, ಒತ್ತಡ ಹೆಚ್ಚಿಸಿಕೊಂಡು ಚಕ್ರಕ್ಕೆ ಹೋಗುತ್ತದೆ. ಫ್ರೇಮ್‌ನಲ್ಲಿ ಎಲ್ಲಿ ಜಾಗ ಇದೆಯೋ ಅಲ್ಲಿ ಕೂರಿಸಬಹುದು. ಮೊದಲಿನಿಂದಲೇ ಹೈಡ್ರೋವ್ಯಾಕ್ ಇದ್ದ ಟ್ರಕ್ ನಿಮ್ಮದಾದರೆ ಅದನ್ನೇ ರಿಪೇರಿ ಮಾಡಿಸಿ, ನಾನಂತೂ ತೆಗೆಯುವುದಿಲ್ಲ. ಹೊಸದಾಗಿ ಹಾಕುವವರಿಗೆ ಮಾತ್ರ ಹೇಳುವುದಿಲ್ಲ. ಇದು ಒಂದೇ ಲೈನ್‌ಗೆ ಕೆಲಸ ಮಾಡುತ್ತದೆ. ಮುಂದೆ ಒಂದು, ಹಿಂದೆ ಒಂದು ಅಂತ ಬೇರೆ ಬೇರೆ ಲೈನ್ ಮಾಡಿದರೆ ಎರಡು ಬೇಕಾಗುತ್ತದೆ. ಒಳಗಿನ ಸೀಲ್ ಹೋದರೆ ಬ್ರೇಕ್ ಆಯಿಲ್ ನೇರವಾಗಿ ಎಂಜಿನ್‌ಗೆ ಎಳೆದುಕೊಳ್ಳುತ್ತದೆ. ನೆಲದ ಮೇಲೆ ಒಂದು ಹನಿ ಇರುವುದಿಲ್ಲ, ಆದರೂ ಆಯಿಲ್ ಕಡಿಮೆಯಾಗುತ್ತಿರುತ್ತದೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ. ಹೀಗೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಈಗ ಬೂಸ್ಟರ್ ಗಾತ್ರದ ಪ್ರಶ್ನೆ

ವ್ಯಾಕ್ಯೂಮ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ಎಳೆಯುವ ಗಾಳಿಯಿಂದ. ಆರೋಗ್ಯವಂತ ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ 18ರಿಂದ 20 ಇಂಚು (ಪಾದರಸದ ಅಳತೆಯಲ್ಲಿ) ವ್ಯಾಕ್ಯೂಮ್ ಕೊಡುತ್ತದೆ. 18 ಇಂಚು ಅಂದರೆ ಹತ್ತಿರ ಹತ್ತಿರ 9 ಪಿಎಸ್‌ಐ. ಡಯಾಫ್ರಾಮ್‌ನ ವಿಸ್ತೀರ್ಣವನ್ನು ಇದಕ್ಕೆ ಗುಣಿಸಿದರೆ ಎಷ್ಟು ಸಹಾಯ ಸಿಗುತ್ತದೆ ಅಂತ ಗೊತ್ತಾಗುತ್ತದೆ. 7 ಇಂಚಿನ ಒಂದು ಡಯಾಫ್ರಾಮ್‌ನ ವಿಸ್ತೀರ್ಣ ಸುಮಾರು 38 ಚದರ ಇಂಚು, ಸಹಾಯ ಸುಮಾರು 340 ಪೌಂಡ್. 9 ಇಂಚಾದರೆ 63 ಚದರ ಇಂಚು, 560 ಪೌಂಡ್. 11 ಇಂಚಾದರೆ 95 ಚದರ ಇಂಚು, 800ರ ಮೇಲೆ. ನಿಜದಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆಯೇ ಸಿಗುತ್ತದೆ, ಹೋಲಿಕೆಗೆ ಮಾತ್ರ ಇಷ್ಟು ಸಾಕು.

ಎಂಜಿನ್‌ಗೆ ರೇಸಿಂಗ್ ಮಾದರಿಯ ಕ್ಯಾಮ್‌ಶಾಫ್ಟ್ (ಎಂಜಿನ್ ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕಿಸಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಐಡಲ್ ವ್ಯಾಕ್ಯೂಮ್ 10 ಇಂಚಿಗೆ ಬಂದರೆ ಎಲ್ಲ ಸಂಖ್ಯೆಗಳೂ ಅರ್ಧಕ್ಕೆ ಹತ್ತಿರ. ಆದ್ದರಿಂದ ಬೂಸ್ಟರ್ ಕೊಳ್ಳುವ ಮೊದಲು ವ್ಯಾಕ್ಯೂಮ್ ಗೇಜ್ ಹಚ್ಚಿ ಓದಿ. ಆಟೋಮ್ಯಾಟಿಕ್ ಗೇರ್ ಇದ್ದರೆ ಡ್ರೈವ್‌ನಲ್ಲಿಟ್ಟು, ಬ್ರೇಕ್ ಹಿಡಿದು ಓದಿ. ನಮಗೆ ಬೇಕಾಗಿರುವ ಸಂಖ್ಯೆ ಅದೇ. ವ್ಯಾಕ್ಯೂಮ್ ಕಡಿಮೆ ಇದ್ದರೆ ಕರೆಂಟಿನ ವ್ಯಾಕ್ಯೂಮ್ ಪಂಪ್ ಹಾಕಬಹುದು. ಡೀಸೆಲ್ ಎಂಜಿನ್ ಕೂರಿಸಿದವರಿಗೆ ಪಂಪ್ ಇಲ್ಲದೆ ವ್ಯಾಕ್ಯೂಮ್ ಬೂಸ್ಟರ್ ನಡೆಯುವುದೇ ಇಲ್ಲ. ಬರೀ ವ್ಯಾಕ್ಯೂಮ್ ಟ್ಯಾಂಕ್ ಇಟ್ಟರೆ ಪೂರ್ತಿ ಪರಿಹಾರ ಆಗದು. ಅದು ಇದ್ದುದನ್ನು ಕೂಡಿಡುತ್ತದೆ, ಇಲ್ಲದ್ದನ್ನು ತರುವುದಿಲ್ಲ.

ಇಲ್ಲಿಯೇ ಹೈಡ್ರೋಬೂಸ್ಟ್ ನೆನಪಾಗಬೇಕು. 1970ರ ದಶಕದಲ್ಲಿ ಬೆಂಡಿಕ್ಸ್ ತಂದ ಈ ವ್ಯವಸ್ಥೆ ಪವರ್ ಸ್ಟೀರಿಂಗ್ ಪಂಪ್‌ನ ಒತ್ತಡದಿಂದ ನಡೆಯುತ್ತದೆ, ವ್ಯಾಕ್ಯೂಮ್ ಬೇಡವೇ ಬೇಡ. ಗಾತ್ರ ಚಿಕ್ಕದು. 11 ಇಂಚಿನ ಡಬ್ಬ ಹಿಡಿಸದ ಕಡೆ ಇದು ಸಲೀಸಾಗಿ ಕೂರುತ್ತದೆ, ಬಲವೂ ಜಾಸ್ತಿ. ಎಂಜಿನ್ ಆಫ್ ಆದರೂ ಒಳಗಿನ ಅಕ್ಯುಮುಲೇಟರ್ ಒಂದೆರಡು ಸಲ ಒತ್ತಲು ಬೇಕಾದಷ್ಟು ಒತ್ತಡ ಇಟ್ಟುಕೊಂಡಿರುತ್ತದೆ. ಭಾರ ಎಳೆಯುವ ಟ್ರಕ್, ದೊಡ್ಡ ಎಂಜಿನ್, ನಾಲ್ಕೂ ಕಡೆ ಡಿಸ್ಕ್ ಇದ್ದರೆ ನನ್ನ ಮತ ಇದಕ್ಕೇ. ಹೋಸ್‌ಗಳು ಮಾತ್ರ ಜಾಸ್ತಿ. ಬೂಸ್ಟರ್‌ನ ವಾಪಸ್ ಹೋಸನ್ನು ಸ್ಟೀರಿಂಗ್ ವಾಪಸ್ ಹೋಸ್‌ಗೆ ಟೀ ಆಕಾರದ ಜಾಯಿಂಟ್ ಹಾಕಿ ಸೇರಿಸಬೇಡಿ, ಪಂಪ್‌ಗೆ ಬೇರೆಯಾಗಿಯೇ ಕೊಡಿ. ಇಲ್ಲದಿದ್ದರೆ ಸ್ಟೀರಿಂಗ್ ತಿರುಗಿಸಿದಾಗ ಹಿಂದಿನ ಒತ್ತಡ ಬಂದು ಬ್ರೇಕ್ ತಾನೇ ಹಿಡಿಯಬಹುದು.

ಬೂಸ್ಟರ್ ಬೇಡ ಅನ್ನುವುದೂ ಒಂದು ಆಯ್ಕೆ, ಅದನ್ನು ಕೀಳಾಗಿ ನೋಡಬೇಡಿ. ಹಗುರ ಪಿಕಪ್, ನಾಲ್ಕೂ ಡ್ರಮ್ ಇದ್ದರೆ ಬೂಸ್ಟರ್ ಇಲ್ಲದೆಯೂ ಚೆನ್ನಾಗಿ ನಿಲ್ಲುತ್ತದೆ. ಡ್ರಮ್‌ನಲ್ಲಿ ಶೂ ತಿರುಗುವ ಡ್ರಮ್ ಜೊತೆ ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದಕ್ಕೆ ದೊಡ್ಡ ಬೂಸ್ಟರ್ ಸೇರಿಸಿದರೆ ಚೂರು ಮುಟ್ಟಿದರೂ ಚಕ್ರ ಲಾಕ್ ಆಗುತ್ತದೆ. ಬೂಸ್ಟರ್ ಇಲ್ಲದಿದ್ದರೆ ಪೆಡಲ್ ಅನುಪಾತ 6:1 ಬೇಕು, ಮಾಸ್ಟರ್ ಬೋರ್ (ಒಳಗಿನ ವ್ಯಾಸ) 1 ಇಂಚು. ಕಾಲು 100 ಪೌಂಡ್ ಒತ್ತಿದರೆ 600 ಪೌಂಡ್ ಆಗಿ, 1 ಇಂಚಿನ ಬೋರ್‌ನಲ್ಲಿ ಸುಮಾರು 760 ಪಿಎಸ್‌ಐ ಸಿಗುತ್ತದೆ. ಅದೇ ಒತ್ತು 1-1/8 ಇಂಚಿನ ಬೋರ್‌ಗೆ ಬಿದ್ದರೆ 600ಕ್ಕೆ ಇಳಿಯುತ್ತದೆ. ದೊಡ್ಡ ಬೋರ್ ಅಂದರೆ ಜಾಸ್ತಿ ಬ್ರೇಕ್ ಅಂದುಕೊಂಡವರು ಇಲ್ಲಿ ಎಡವುತ್ತಾರೆ. ದೊಡ್ಡ ಬೋರ್‌ನಲ್ಲಿ ಆಯಿಲ್ ಜಾಸ್ತಿ ಸರಿಯುತ್ತದೆ, ಒತ್ತಡ ಕಡಿಮೆ.

ಬೂಸ್ಟರ್ ಬಂದರೆ ಪೆಡಲ್ ಅನುಪಾತ 4:1 ಹತ್ತಿರ ಇರಬೇಕು. ಜೋತುಬಿದ್ದ ಪೆಡಲ್ 12 ಇಂಚು ಉದ್ದ ಇದೆ ಅನ್ನೋಣ. ಪಿನ್‌ನಿಂದ 2 ಇಂಚು ಕೆಳಗೆ ರಾಡ್ ಸಿಕ್ಕಿಸಿದರೆ 6:1, 3 ಇಂಚು ಕೆಳಗೆ ಸಿಕ್ಕಿಸಿದರೆ 4:1. ಒಂದೇ ಇಂಚಿನ ವ್ಯತ್ಯಾಸ. ಅದಕ್ಕೇ ಕೆಲವು ಪೆಡಲ್‌ಗಳಲ್ಲಿ ಎರಡು ತೂತು ಇರುತ್ತವೆ. ರಾಡ್ ಕೆಳಗೆ ಇಳಿದಾಗ ಅದು ಫೈರ್‌ವಾಲ್ ತೂತಿನಲ್ಲಿ ಓರೆಯಾಗಿ ಎಳೆಯಬಾರದು. ಬೂಸ್ಟರ್ ಜೊತೆ ಬರುವ ಓರೆ ಬ್ರಾಕೆಟ್ ಇರುವುದೇ ಅದನ್ನು ಸರಿ ಮಾಡಲು. ಬ್ರಾಕೆಟ್ ಬಿಟ್ಟು ಬೂಸ್ಟರನ್ನು ಸೀದಾ ತಗಡಿಗೆ ಬಿಗಿಯುವ ಆಸೆ ಬೇಡ.

ಮುಂದಿನ, ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಲೈನ್ ಕೊಡುವ ಎರಡು ಭಾಗದ ಮಾಸ್ಟರ್ ಬೇಕೇ ಬೇಕು, ಚರ್ಚೆಯೇ ಬೇಡ. ಅಮೆರಿಕದ ಗಾಡಿಗಳಲ್ಲಿ ಇದು 1967ರ ಮಾಡೆಲ್‌ಗಳಿಂದ ಸಾಮಾನ್ಯವಾಯಿತು. ಅದಕ್ಕಿಂತ ಹಳೆಯ ಟ್ರಕ್‌ನಲ್ಲಿ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಬೇರೆ ಏನೂ ಬದಲಿಸದಿದ್ದರೂ ಇದೊಂದನ್ನು ಬದಲಿಸಿ.

ಕೂರಿಸುವಾಗ ಕಣ್ಣಿಟ್ಟು ನೋಡಬೇಕಾದ್ದು

ಮಾಸ್ಟರ್ ಸಿಲಿಂಡರ್‌ನ ಹಿಂಭಾಗವನ್ನು ಕೈಯಲ್ಲಿ ಹಿಡಿದು ನೋಡಿ. ಪಿಸ್ಟನ್ ನಡುವೆ ಒಂದು ಗುಳಿ ಇರುತ್ತದೆ. ಬೂಸ್ಟರ್ ಇಲ್ಲದ ಗಾಡಿಯ ಮಾಸ್ಟರ್‌ನಲ್ಲಿ ಆ ಗುಳಿ ಬೆರಳು ಹೋಗುವಷ್ಟು ಆಳ, ಬೂಸ್ಟರ್ ಇರುವುದರಲ್ಲಿ ಮೇಲುಮೇಲೆ. ಮೇಲು ಗುಳಿಯ ಮಾಸ್ಟರನ್ನು ಬೂಸ್ಟರ್ ಇಲ್ಲದೆ ಹಾಕಿದರೆ ಪೆಡಲ್ ಹಿಂದಕ್ಕೆ ಬಂದಾಗ ಪುಶ್‌ರಾಡ್ ಜಾರಿ ಬೀಳಬಹುದು. ರಾಡ್ ಬಿದ್ದ ಮೇಲೆ ಬ್ರೇಕೇ ಇಲ್ಲ. ಇದು ಜೀವದ ಪ್ರಶ್ನೆ, ಅಂಗಡಿಯವರು ಹೊಂದುತ್ತದೆ ಅಂದರೂ ನೀವೇ ಗುಳಿ ನೋಡಿ.

ಬೂಸ್ಟರ್ ರಾಡ್ ಮತ್ತು ಪಿಸ್ಟನ್ ನಡುವೆ ಸುಮಾರು 0.5 ಮಿ.ಮೀ. ಸಂದು ಬೇಕು. ಸಂದು ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಆಯಿಲ್ ಡಬ್ಬಿಗೆ ವಾಪಸ್ ಹೋಗುವ ತೂತು ಮುಚ್ಚಿಕೊಂಡೇ ಇರುತ್ತದೆ. ಓಡಿಸುತ್ತಾ ಓಡಿಸುತ್ತಾ ಆಯಿಲ್ ಬಿಸಿಯಾಗಿ ಹಿಗ್ಗುತ್ತದೆ, ಬ್ರೇಕ್ ಜಾಮ್ ಆಗುತ್ತದೆ. ರಸ್ತೆ ಬದಿಯಲ್ಲಿ ನಿಲ್ಲಿಸಿ ಮಾಸ್ಟರ್‌ನ ನಟ್ ಎರಡು ಸುತ್ತು ಸಡಿಲ ಮಾಡಿದ ಕೂಡಲೇ ಚಕ್ರ ಬಿಟ್ಟುಕೊಂಡರೆ ರಾಡ್ ಉದ್ದ ಅಂತಲೇ ಅರ್ಥ. ಅಳತೆ ಮಾಡಲು ಗುಳಿಯಲ್ಲಿ ಚೂರು ಮಣ್ಣು ಜೇಡಿ ಇಟ್ಟು, ಮಾಸ್ಟರ್ ಕೂರಿಸಿ, ಬಿಚ್ಚಿ, ಜೇಡಿ ಎಷ್ಟು ದಪ್ಪ ಉಳಿದಿದೆ ನೋಡಿ. ಜೇಡಿಯನ್ನು ಪೂರ್ತಿ ಒರೆಸಿ ತೆಗೆಯುವುದನ್ನು ಮರೆಯಬೇಡಿ. ರಾಡನ್ನು ಬೂಸ್ಟರ್‌ನಿಂದ ಹೊರಗೆ ಎಳೆಯಲೂ ಬೇಡಿ. ಒಳಗೆ ಒಂದು ರಬ್ಬರ್ ಬಿಲ್ಲೆ ಇದೆ, ಅದು ಬಿದ್ದುಹೋದರೆ ಬ್ರೇಕ್ ಕಚ್ಚಿದಂತೆ ಹಿಡಿಯಲು ಶುರುವಾಗುತ್ತದೆ.

ಓರೆ ಬ್ರಾಕೆಟ್ ಮೇಲೆ ಕೂತ ಮಾಸ್ಟರ್‌ನ ಮೂತಿ ಮೇಲಕ್ಕಿರುತ್ತದೆ. ಏರ್ ಅಲ್ಲೇ ಸೇರಿಕೊಂಡು ಹೊರಗೆ ಬರುವುದಿಲ್ಲ. ಗಾಡಿಗೆ ಹಾಕುವ ಮೊದಲೇ ಬೆಂಚ್ ಮೇಲೆ ಮಟ್ಟವಾಗಿ ಹಿಡಿದು ಅದರ ಏರ್ ತೆಗೆಯಿರಿ. ಆಮೇಲೂ ಪೆಡಲ್ ಮೆತ್ತಗಿದ್ದರೆ ಗಾಡಿಯ ಹಿಂಭಾಗವನ್ನು ಜ್ಯಾಕ್ ಹಾಕಿ ಎತ್ತಿ, ಮಾಸ್ಟರ್ ಮಟ್ಟಕ್ಕೆ ಬಂದ ಮೇಲೆ ಇನ್ನೊಮ್ಮೆ ತೆಗೆಯಿರಿ.

ಎಲ್ಲ ಮುಗಿದ ಮೇಲೆ ಎಂಜಿನ್ ಆಫ್ ಇಟ್ಟು ಪೆಡಲನ್ನು ನಾಲ್ಕೈದು ಸಲ ಒತ್ತಿ. ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಕಾಲಿನಡಿ ಪೆಡಲ್ ಸ್ವಲ್ಪ ಕೆಳಗೆ ಜಾರಬೇಕು, ಆಗ ಬೂಸ್ಟರ್ ಕೆಲಸ ಮಾಡುತ್ತಿದೆ. ಅಲ್ಲಿಗೆ ನಿಲ್ಲದೆ ಇನ್ನೂ ಅರ್ಧ ನಿಮಿಷ ಜೋರಾಗಿ ಒತ್ತಿ ಹಿಡಿಯಿರಿ, ಇನ್ನೊಬ್ಬರು ಟಾರ್ಚ್ ಹಿಡಿದು ಬ್ರಾಕೆಟ್, ಪೈಪ್ ನಟ್, ಮಾಸ್ಟರ್ ಹಿಂಭಾಗ ಮೂರನ್ನೂ ನೋಡಲಿ. ನಂತರ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಹತ್ತು ಸಲ ನಿಲ್ಲಿಸಿ, ಇಳಿದು, ನಾಲ್ಕೂ ಚಕ್ರದ ಹತ್ತಿರ ಕೈ ತಂದು ನೋಡಿ. ಒಂದು ಚಕ್ರ ಮಾತ್ರ ಬಿಸಿಯಾಗಿದ್ದರೆ ಆ ಚಕ್ರದ ತೊಂದರೆ. ನಾಲ್ಕೂ ಬಿಸಿಯಾಗಿದ್ದರೆ ಮತ್ತೆ ಆ ಅರ್ಧ ಮಿಲಿಮೀಟರ್ ಸಂದಿಗೆ ಹೋಗಿ.